ಗೋಣಿತಟ್ಟು ಸುತ್ತಿದ ಬೋರ್ಡು

ಮಾರ್ಚ್ ೪, ಮಂಗಳವಾರ

ಇವತ್ತಿನಿಂದ ಬರೆದಿಡುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ. ಬಾಯಿ ತೆರೆದರೆ ಮನೆಯಲ್ಲಿ ಜಗಳವಾಗುತ್ತಿದೆ, ಅದಕ್ಕೆ.

ಎರಡನೇ ಸಲವೂ ಪರೀಕ್ಷೆ ಕೈಕೊಟ್ಟಿತು. ಮುನ್ನೂರಕ್ಕೆ ನೂರೈವತ್ತು ಬಂದರೆ ಪಾಸು, ನನಗೆ ನೂರಾ ನಲವತ್ತೇಳು. ಹೊರದೇಶದಲ್ಲಿ ಡಾಕ್ಟರಿಕೆ ಓದಿ ಬಂದವರು ಈ ಪರೀಕ್ಷೆ ದಾಟಬೇಕು, ಆಮೇಲೆ ಇಲ್ಲಿನ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿಯಬೇಕು. ಅಲ್ಲಿಯವರೆಗೆ ತಲೆನೋವಿಗೆ ಒಂದು ಗುಳಿಗೆ ಬರೆದುಕೊಟ್ಟರೂ ತಪ್ಪು.

ಕಿರ್ಗಿಸ್ತಾನದಲ್ಲಿ ಆರು ವರ್ಷ ಇದ್ದೆ. ಹಿಮದ ಮೇಲೆ ಜಾರಿ ಮೊಣಕೈ ಮುರಿದುಕೊಂಡೆ. ಅಲ್ಲಿನ ಅಜ್ಜಿಯರನ್ನು ರಷ್ಯನ್ನಿನಲ್ಲಿ ಮಾತಾಡಿಸಿ ಎದೆಬಡಿತ ಕೇಳುವುದನ್ನು ಕಲಿತೆ. ನಮ್ಮೂರು ಸವಣೂರಿಗೆ ಅದೆಲ್ಲ ಒಂದೇ, ರಷ್ಯಾ. 'ಉಳವಪ್ಪನ ಮಗಳು ರಷ್ಯಾದಿಂದ ಡಾಕ್ಟರ್ಕಿ ಕೊಂಡು ತಂದಾಳ' ಎಂದು ನಮ್ಮ ಸೋದರಮಾವನೇ ಮದುವೆ ಮನೆಯಲ್ಲಿ ಹೇಳಿದನಂತೆ. ಸಂತೆಯ ಬದನೆಕಾಯಿಯೇ ಅದು, ಕೊಂಡು ತರಲಿಕ್ಕೆ?

ಅಪ್ಪನದೂ ತಪ್ಪಿದೆ. ನಾನು ವಿಮಾನ ಇಳಿಯುವ ಮೊದಲೇ ಪೇಟೆಯ ಗೋಣೆಪ್ಪನ ಕೈಲಿ ಬೋರ್ಡು ಬರೆಸಿ, ಮನೆಯ ಮುಂದಿನ ಗೋಡೆಗೆ ಸಿಮೆಂಟು ಹಾಕಿ ಕೂಡಿಸಿಬಿಟ್ಟಿದ್ದ. ನೀಲಿ ಬಣ್ಣ, ಮೂಲೆಯಲ್ಲಿ ಕೆಂಪು ಪ್ಲಸ್ಸು, ನಡುವೆ ತನುಜಾ ಎಂದು ನನ್ನ ಹೆಸರು, ಹೆಸರಿನ ಹಿಂದೆ 'ಡಾ.', ಮುಂದೆ ಡಿಗ್ರಿ. ಪರೀಕ್ಷೆ ಆಗದೆ ಇದು ಕಾನೂನಿಗೆ ವಿರುದ್ಧ, ತೆಗೆ ಎಂದೆ. ಗೋಡೆ ಒಡೆಯುವುದಿಲ್ಲ ಎಂದ. ಕೊನೆಗೆ ವೀಳ್ಯದೆಲೆಯ ಬುಟ್ಟಿಗೆ ಸುತ್ತುವ ಗೋಣಿತಟ್ಟು ತಂದು ಬೋರ್ಡಿಗೆ ಸುತ್ತಿ ಹುರಿಯಿಂದ ಬಿಗಿದ. ಈಗ ಹೋಗಿಬರುವವರೆಲ್ಲ, ಡಾಕ್ಟರ್ಕಿ ಬಾಡಬಾರದೆಂದು ಕಟ್ಟಿಟ್ಟಿದ್ದಾರೆ ಎಂದು ನಗುತ್ತಾರೆ.

ನಗಲಿ. ಜುಲೈಯಲ್ಲಿ ಮತ್ತೆ ಪರೀಕ್ಷೆಯಿದೆ. ಬರೆದೇ ಬರೆಯುತ್ತೇನೆ.

ಮಾರ್ಚ್ ೧೯, ಬುಧವಾರ

ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದೇನೆ. ಮುಂದಿನ ಕಟ್ಟೆಯ ಮೇಲೆ ಯಾವಾಗಲೂ ಯಾರಾದರೂ ಇರುತ್ತಾರೆ. ಎಲೆ ಕೊಳ್ಳಲು ಬಂದವರು ಮಂಡಿ ತೋರಿಸುತ್ತಾರೆ, ನಾಲಿಗೆ ಚಾಚುತ್ತಾರೆ. ನಾನು ಏನೂ ಹೇಳುವಂತಿಲ್ಲ ಎಂದರೆ 'ಇಷ್ಟು ಓದಿ ಇದಕ್ಕೂ ಬರಂಗಿಲ್ಲೇನು' ಎಂದು ಅವ್ವನನ್ನು ಕೇಳುತ್ತಾರೆ. ಜನ.

ಹಿತ್ತಿಲ ದಾರಿಯೆಂದರೆ ನಮ್ಮ ಎಲೆತೋಟದ ದಾರಿ. ತೋಟದೊಳಗೆ ಚಪ್ಪಲಿ ಹಾಕುವಂತಿಲ್ಲ. ಬಳ್ಳಿ ಅಂದರೆ ದೇವರು. ಆರು ವರ್ಷ ಬೂಟಿನಲ್ಲಿದ್ದ ಪಾದ ಮೆತ್ತಗಾಗಿಬಿಟ್ಟಿದೆ. ಇವತ್ತು ಮುಳ್ಳು ಚುಚ್ಚಿ ಕುಂಟುತ್ತ ನಿಂತಾಗ ಎಲೆ ಕೊಯ್ಯುವ ಮುದಕವ್ವ ಕೆಳಗೆ ಕುಳಿತು, ತನ್ನ ತೊಡೆಯ ಮೇಲೆ ನನ್ನ ಕಾಲಿಟ್ಟುಕೊಂಡು ಮುಳ್ಳು ತೆಗೆದಳು. ಅವಳಿಗೂ ನಮ್ಮ ತೋಟಕ್ಕೂ ನನ್ನ ವಯಸ್ಸಿಗಿಂತ ಹಳೆಯ ನಂಟು. ನನ್ನನ್ನು ಎತ್ತಿ ಆಡಿಸಿದವಳು.

"ರಷ್ಯಾದಾಗ ಮುಳ್ಳು ಇರಂಗಿಲ್ಲೇನು?" ಎಂದಳು.

ಇದ್ದರೂ ಹಿಮದ ಕೆಳಗೆ ಇರುತ್ತವೆ, ಆಯಿ ಎಂದೆ. ಹಂಗಾದರೆ ಅದು ಒಳ್ಳೆಯ ದೇಶ ಎಂದು ತೀರ್ಮಾನ ಕೊಟ್ಟಳು.

ಏಪ್ರಿಲ್ ೧೦, ಗುರುವಾರ

ದುಂಡಸಿಯ ಕರಿಬಸಪ್ಪ ಕಾಕಾ ಬಂದಿದ್ದರು. ಸುತ್ತಲಿನ ಹಳ್ಳಿಗಳಿಗೆ ಅವರು 'ಡಾಕ್ಟರು'. ಯಾವ ಕಾಲೇಜಿಗೂ ಹೋದವರಲ್ಲ. ಯಾವುದೋ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ಕಲಿತದ್ದು. ನೂಕುನುಗ್ಗಲು, ಎಲ್ಲರಿಗೂ ಸೂಜಿ. ನಮ್ಮ ಕಡೆ ಸೂಜಿ ಮಾಡದವನು ಡಾಕ್ಟರೇ ಅಲ್ಲ.

ಚಹಾ ಕುಡಿದು, ಎಲೆ ಹಾಕಿಕೊಂಡು, ನಿಧಾನವಾಗಿ ವಿಷಯಕ್ಕೆ ಬಂದರು. ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತಮ್ಮ ಗೋಡೆಗೆ ತೂಗಹಾಕುತ್ತಾರಂತೆ. ನಾನು ಬರೀ ಕುರ್ಚಿಯಲ್ಲಿ ಕೂತರೆ ಸಾಕು. ತಪಾಸಣೆಗೆ ಬಂದವರು ಹೊರದೇಶದ ಮುದ್ರೆ ನೋಡಿ ಹೆದರಿ ಹೋಗುತ್ತಾರಂತೆ.

ಅಪ್ಪ ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಆಸೆಯಿತ್ತು, ಸುಳ್ಳು ಯಾಕೆ ಬರೆಯಲಿ.

"ಕಾಕಾ, ನನ್ನ ಬೋರ್ಡಿಗೆ ನಾನ ತಟ್ಟು ಸುತ್ತಿಸೇನಿ. ನಿಮ್ಮ ಗ್ವಾಡಿಗೆ ನೇತಾಕ್ಕೊಳ್ಳಾಕ ನಾ ಏನ್ ಕ್ಯಾಲೆಂಡರ್ ಅಲ್ಲ" ಎಂದೆ.

ಅವರು ನಕ್ಕರು. ಸಿಟ್ಟೇ ಬರುವುದಿಲ್ಲ ಆ ಮನುಷ್ಯನಿಗೆ. ಹೋಗುವಾಗ ಕಟ್ಟೆಯ ಮೇಲಿದ್ದವರಿಗೆ ಕೇಳುವಂತೆ, "ಪಾಪ, ಹುಡುಗಿಗೆ ಸೂಜಿ ಹಿಡಿಯಾಕ ಬರಂಗಿಲ್ಲ. ಅಲ್ಲೆ ಬರೇ ಪುಸ್ತಕದಾಗ ಕಲಿಸ್ತಾರಂತ" ಎಂದರು.

ಏಪ್ರಿಲ್ ೧೧

ಬರುತ್ತದೆ. ಸೂಜಿ ಹಿಡಿಯಲು ಬರುತ್ತದೆ.

ಮೇ ೮, ಗುರುವಾರ

ಹಿತ್ತಿಲ ಬಾಗಿಲು ಬಿಟ್ಟೆ. ನನ್ನ ಮನೆಯ ಮುಂಬಾಗಿಲಿಗೆ ನಾನೇಕೆ ಕಳ್ಳಿಯಾಗಬೇಕು? ಪುಸ್ತಕ ತೆಗೆದುಕೊಂಡು ಕಟ್ಟೆಯ ಮೇಲೆಯೇ, ತಟ್ಟು ಸುತ್ತಿದ ಬೋರ್ಡಿನ ಕೆಳಗೆ ಕೂತೆ. ನೋಡುವವರು ನೋಡಲಿ.

ಮೊದಲ ದಿನ ನೋಡಿದರು. ಎರಡನೇ ದಿನ ಕೇಳಿದರು. ಔಷಧಿ ಹೇಳುವುದಿಲ್ಲ, ಯಾವ ದವಾಖಾನೆಗೆ ಹೋಗಬೇಕು, ಅಲ್ಲಿ ಏನು ಮರೆಯದೆ ಹೇಳಬೇಕು ಅಷ್ಟೇ ಹೇಳುತ್ತೇನೆ ಎಂದೆ. ಖಾರಾ ಮಾಡಿ ಮಾರುವ ಹುಸೇನಬಿ, ಕರಿಯುವ ಒಲೆಯ ಮುಂದೆ ಕೂತಾಗ ಮಾತ್ರ ಎದೆ ಹಿಡಿಯುತ್ತದೆ ಎಂದಳು. ಎಷ್ಟು ಹೊತ್ತು, ಎಡಗೈಗೆ ಇಳಿಯುತ್ತದೆಯೇ, ಮೆಟ್ಟಿಲು ಹತ್ತಿದರೆ ಹೇಗೆ ಎಂದೆಲ್ಲ ಕೇಳಿದೆ. ಹಾವೇರಿಗೆ ಹೋಗಿ ಬಂದಳು. ಹೃದಯದ ನಾಳವಂತೆ, ಗುಳಿಗೆ ಶುರುವಾಗಿದೆ. ನನಗೊಂದು ಪೊಟ್ಟಣ ಖಾರಾ ಕೊಟ್ಟು ಹೋದಳು. ಅದನ್ನು ತಿನ್ನುತ್ತಲೇ ಹೃದಯದ ಪಾಠ ಮುಗಿಸಿದೆ.

ಮುದಕವ್ವನ ಮುಖ ಈಚೆಗೆ ದುಂಡಗೆ ಊದಿದೆ. ಕೈಕಾಲು ಸಣ್ಣ, ಹೊಟ್ಟೆ ದೊಡ್ಡದು, ತೊಗಲು ಕಾಗದದ ಹಾಗೆ. ಮಂಡಿನೋವಿಗೆ ಕರಿಬಸಪ್ಪ ಕಾಕಾನ ಸೂಜಿ, ವಾರಕ್ಕೊಂದು. ಸೂಜಿ ಬಿದ್ದ ದಿನ ಹುಡುಗಿಯ ಹಾಗೆ ಓಡಾಡುತ್ತಾಳಂತೆ. ಸ್ಟಿರಾಯ್ಡೇ ಇರಬೇಕು. ಹತ್ತಿರ ಕೂಡಿಸಿಕೊಂಡು ಹೇಳಿದೆ: ಆಯಿ, ಇದು ಒಳ್ಳೆಯ ಸೂಜಿಯಲ್ಲ. ಆದರೆ ನೀನಾಗಿ ಫಕ್ಕನೆ ಬಿಡಬೇಡ, ಅದು ಇನ್ನೂ ಅಪಾಯ. ಹಾವೇರಿಗೆ ಹೋಗು, ಅವರು ದಿನಾ ಗುಳಿಗೆ ಕೊಟ್ಟು ಮೆಲ್ಲಗೆ ಬಿಡಿಸುತ್ತಾರೆ.

ಆಗಲಿ ಎಂದು ಗೋಣು ಹಾಕಿದಳು. ಅವಳು ಎಲ್ಲದಕ್ಕೂ ಗೋಣು ಹಾಕುತ್ತಾಳೆ.

ಜೂನ್ ೧೬, ಸೋಮವಾರ

ಮಳೆ ಹಿಡಿದಿದೆ. ಕಟ್ಟೆಗೆ ಅಪ್ಪ ತಗಡು ಹಾಕಿಸಿದ. ನನಗಾಗಿ ಅಲ್ಲವಂತೆ, ಬೋರ್ಡು ನೆನೆಯಬಾರದಂತೆ.

ಹಿರೇಕೆರೂರಿನಿಂದ ಒಂದು ಮನೆಯವರು ನನ್ನನ್ನು ನೋಡಲು ಬರುತ್ತೇವೆ ಎಂದಿದ್ದರು. ಪರೀಕ್ಷೆ ಪಾಸಾದರೆ ಮಾತ್ರ ಎಂದು ಕೊನೆಗೆ ಸೇರಿಸಿದರಂತೆ. ಪಾಸಾದರೆ ನಾನೇ ಒಲ್ಲೆ ಎಂದು ಹೇಳಿಸಿದೆ. ಅವ್ವ ಊಟ ಬಿಟ್ಟಳು. ಸಂಜೆಗೆ ಹಸಿವಾಗಿ ತಾನೇ ರೊಟ್ಟಿ ಬಡಿದಳು.

ಮುದಕವ್ವ ಎರಡು ಸಲ ಕೇಳಿದಳು, ಪರೀಕ್ಷೆ ಯಾವತ್ತು, ಬೋರ್ಡು ಯಾವತ್ತು ಬಿಚ್ಚುತ್ತಾರೆ ಎಂದು. ಈ ವಾರ ಸೂಜಿಗೆಂದು ದುಂಡಸಿಗೆ ಹೋಗಲಿಲ್ಲವೇ ಎಂದರೆ ಮಳೆ ಎಂದಳು.

ಜುಲೈ ೯

ಓದು. ಓದು. ಕಟ್ಟೆಗೆ ಬಂದಿದ್ದ ಗೌಹರನ ಕೂಸಿಗೆ ಭೇದಿ ನಿಂತಿತು. ಶಾರವ್ವನ ಕಣ್ಣಿಗೆ ಆಪರೇಶನ್ ದಿನ ಸಿಕ್ಕಿತು. ಓದು.

ಜುಲೈ ೨೫, ಶುಕ್ರವಾರ. ರೈಲಿನಲ್ಲಿ

ಕೈಯಲ್ಲಿ ಒಂದೂ ಪುಸ್ತಕವಿಲ್ಲ. ಇದೊಂದು ಬರೆಯುವ ವಹಿ ಚೀಲದಲ್ಲಿತ್ತು. ನಾಳೆ ಬೆಂಗಳೂರಿನಲ್ಲಿ ಪರೀಕ್ಷೆ. ಕಿಟಕಿಯಾಚೆ ಇನ್ನೂ ಬೆಳಕಿದೆ, ನಿನ್ನೆಯದನ್ನು ಬರೆದುಬಿಡುತ್ತೇನೆ.

ಮುದಕವ್ವ ಎರಡು ದಿನದಿಂದ ತೋಟಕ್ಕೆ ಬಂದಿರಲಿಲ್ಲ. ಜ್ವರವಂತೆ, ವಾಂತಿಯಂತೆ. ನಿನ್ನೆ ಮಧ್ಯಾಹ್ನ ನೋಡಲು ಹೋದೆ. ಕಂಬಳಿಯ ಮೇಲೆ ಒಣಗಿದ ಬಳ್ಳಿಯಂತೆ ಬಿದ್ದಿದ್ದಳು. ಕೈ ತಣ್ಣಗೆ. ನಾಡಿ ಹುಡುಕಿದರೂ ಸಿಕ್ಕದಷ್ಟು ಸಣ್ಣದು. ಎತ್ತಿ ಕೂಡಿಸಿದರೆ ಕಣ್ಣು ಮೇಲಕ್ಕೆ.

"ಆಯಿ, ಸೂಜಿ ಮಾಡಿಸ್ಕೊಂಡು ಎಷ್ಟು ದಿನಾ ಆತು?"

"ತಿಂಗಳ ಮ್ಯಾಲಾತು."

"ಹಾವೇರಿಗೆ ಹೋಗಿದ್ದೇನು? ಗುಳಿಗಿ ಕೊಟ್ರೇನು?"

ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಮತ್ತೆ ಯಾಕೆ ಬಿಟ್ಟೆ ಎಂದರೆ ಬಾಯಿ ಬಿಗಿ ಹಿಡಿದಳು. ಕಿವಿಯ ಹತ್ತಿರ ಬಾಗಿದಾಗ, "ಹರಕಿ ಐತಿ. ಹೇಳಿದ್ರ ಫಲಾ ಹೋಗ್ತೈತಿ" ಎಂದಳು.

ವರ್ಷಗಟ್ಟಲೆ ಸ್ಟಿರಾಯ್ಡು ಹೊರಗಿನಿಂದ ಬಂದರೆ ಮೈ ತನ್ನದನ್ನು ಮಾಡುವುದನ್ನೇ ಮರೆತಿರುತ್ತದೆ. ಫಕ್ಕನೆ ನಿಲ್ಲಿಸಿ, ಮೇಲೆ ಒಂದು ಜ್ವರ ಬಂದರೆ ಜೀವವೇ ಕುಸಿಯುತ್ತದೆ.

ಎಲೆ ಬುಟ್ಟಿ ಸಾಗಿಸುವ ಮುನಾಫ ಮಾಮಾನ ಟೆಂಪೋ ಬಾಗಿಲಲ್ಲೇ ಇತ್ತು. ಬುಟ್ಟಿ ಇಳಿಸಿ ಅವಳನ್ನು ಮಲಗಿಸಿದೆವು. ಬೆಂಗಳೂರಿಗೆ ಒಯ್ಯಬೇಕಿದ್ದ ಹಾಲ್‌ಟಿಕೆಟ್ಟಿನ ಚೀಲ ಹೆಗಲಿಗಿತ್ತು, ಅದು ಹಾಗೇ ಬಂತು. ದಾರಿಯಲ್ಲಿ ಕರಿಬಸಪ್ಪ ಕಾಕಾನಿಗೆ ಫೋನ್ ಮಾಡಿದೆ. ಯಾವ ಸೂಜಿ, ಹೆಸರು ಹೇಳಿ ಎಂದೆ. ಶಕ್ತಿಯದು, ನೋವಿನದು ಎಂದು ಜಾರಿಸಿದರು.

"ಕಾಕಾ, ಪೊಲೀಸರ ಸಲುವಾಗಿ ಕೇಳಾಕತ್ತಿಲ್ಲ. ಆಕಿ ಜೀವದ ಸಲುವಾಗಿ ಕೇಳಾಕತ್ತೇನಿ. ಸುಳ್ಳು ಹೇಳಿದ್ರ ಹೆಣಾ ನಿಮ್ಮ ಬಾಗಲಿಗೆ ತರ್ತೇನಿ."

ಆಮೇಲೆ ಹೆಸರು ಹೇಳಿದರು. ಎಷ್ಟು ವರ್ಷದಿಂದ ಎಂಬುದನ್ನೂ ಹೇಳಿದರು.

ಹಾವೇರಿಯ ಆಸ್ಪತ್ರೆಯಲ್ಲಿದ್ದ ಡಾಕ್ಟರು ನನ್ನದೇ ವಯಸ್ಸಿನವರು, ಮದಿಹಾ ಅಂತ. ವಾಂತಿಯಿಂದ ನೀರು ಹೋಗಿದೆ, ಸಲೈನ್ ಹಾಕೋಣ ಎಂದರು. ನಾನು ಅಡ್ಡ ನಿಂತು ಎಲ್ಲ ಹೇಳಿದೆ. ಸೂಜಿಯ ಹೆಸರು, ವರ್ಷ, ಬಿಟ್ಟ ದಿನ. ಬರೀ ಸಲೈನಿಗೆ ಏಳುವುದಿಲ್ಲ, ಸ್ಟಿರಾಯ್ಡು ಈಗಲೇ ಹೋಗಬೇಕು ಎಂದೆ.

"ನೀವು ಯಾರು?"

"ಡಾಕ್ಟರಲ್ರಿ. ಹೊರದೇಶದಾಗ ಓದೇನಿ, ಎರಡು ಸಲ ನಪಾಸಾಗೇನಿ. ನಾಡಿದ್ದು ಮೂರನೇದ್ದು. ಆದ್ರ ಇದು ಖರೇ ಐತಿ, ನೋಡ್ರಿ."

ಅವರು ನನ್ನ ಮುಖವನ್ನಲ್ಲ, ಮುದಕವ್ವನ ಮುಖ ಮತ್ತು ಹೊಟ್ಟೆಯ ತೊಗಲು ನೋಡಿದರು. ನರ್ಸಿಗೆ ಔಷಧಿ ತರಲು ಹೇಳಿದರು.

ಸೂಜಿ ಕಂಡದ್ದೇ ಮುದಕವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟು ಬಲ ಎಲ್ಲಿಂದ ಬಂತೋ. ಗುಳಿಗೆ ಕೊಟ್ಟರೆ ವಾಂತಿ. ಬಲವಂತ ಮಾಡಿದರೆ ಕಿತ್ತುಹಾಕುತ್ತಿದ್ದಳು. ಕೊನೆಗೆ ಹರಕೆ ಬಾಯಿಗೆ ಬಂತು. ಮಠದ ಗದ್ದಿಗೆಯ ಮುಂದೆ ಹೇಳಿಕೊಂಡಿದ್ದಾಳೆ: ತನೂನ ಬೋರ್ಡಿನ ತಟ್ಟು ಬಿಚ್ಚುವ ತನಕ ಮೈಗೆ ಸೂಜಿ ಮುಟ್ಟಿಸುವುದಿಲ್ಲ. ಮೊದಲ ಸೂಜಿ ತನೂನ ಕೈಯಿಂದಲೇ. ಕೆಲವರು ಅನ್ನ ಬಿಡುತ್ತಾರೆ, ಕೆಲವರು ಎಲೆಯಡಿಕೆ ಬಿಡುತ್ತಾರೆ. ಇವಳಿಗೆ ಎಲ್ಲಕ್ಕಿಂತ ಪ್ರೀತಿಯದು ಆ ಸೂಜಿ. ಅದನ್ನೇ ಬಿಟ್ಟಿದ್ದಾಳೆ.

"ನೀನ ಮಾಡು. ನಿನ್ನ ಕೈಗುಣ ಛಲೋ ಐತಿ" ಎಂದಳು.

ನನ್ನ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಆ ಟ್ರೇ ಒಂದು ಗೇಣು ದೂರವಿತ್ತು.

ಅಪ್ಪನಿಗೆ ವಿಡಿಯೋ ಕರೆ ಮಾಡಿದೆ. ತಟ್ಟು ಬಿಚ್ಚು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಪರೀಕ್ಷೆಯೇ ಆಗಿಲ್ಲ, ಯಾರಾದರೂ ಅರ್ಜಿ ಕೊಟ್ಟಾರು, ಜನ ನಕ್ಕಾರು ಎಂದು ಈಗ ಅವನೇ ನನ್ನ ಮಾತು ನನಗೆ ಹೇಳತೊಡಗಿದ.

"ನಗಲಿ ಅಪ್ಪಾ. ಬಿಚ್ಚು."

ಫೋನ್ ಅವ್ವನ ಕೈಗೆ ಹೋಯಿತು. ಅಪ್ಪ ಕುಡುಗೋಲು ತಂದು ಹುರಿ ಕೊಯ್ದ. ಕಟ್ಟೆಯ ಮುಂದೆ ನಾಲ್ಕಾರು ಜನ ನಿಂತದ್ದು ಕಾಣುತ್ತಿತ್ತು. ತಟ್ಟು ಕೆಳಗೆ ಬಿತ್ತು, ಧೂಳೆದ್ದಿತು. ಫೋನನ್ನು ಮುದಕವ್ವನ ಕಣ್ಣ ಮುಂದೆ ಹಿಡಿದೆ. ಕೆಂಪು ಪ್ಲಸ್ಸು ಗುರುತು ಹಿಡಿದಳು. ಅವಳಿಗೆ ಓದಲು ಬರುವುದಿಲ್ಲ.

"ಏನ್ ಬರದೈತಿ, ಓದು."

ಆ ಬೋರ್ಡನ್ನು ನಾನು ಒಂದು ಸಲವೂ ಬಾಯಿಬಿಟ್ಟು ಓದಿರಲಿಲ್ಲ. ವಾರ್ಡಿನಲ್ಲಿ ಎಲ್ಲರ ಮುಂದೆ ಓದಿದೆ, ಮೊದಲಿನಿಂದ ಕೊನೆಯವರೆಗೆ.

ಸೆರಗಿನಿಂದ ಕೈ ಹೊರಗೆ ಬಂತು. ಡಾಕ್ಟರ್ ಮದಿಹಾ ಸೂಜಿ ಮಾಡಿದರು. ನಾನು ಇನ್ನೊಂದು ಕೈ ಹಿಡಿದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಗಂಜಿ ಕೇಳಿ ಕುಡಿದಳು. ಗಂಜಿಗೆ ಉಪ್ಪಿಲ್ಲ ಎಂದು ನರ್ಸಿಗೆ ಬೈದಳು. ನಾನು ಹೊರಟಾಗ, "ಇವೆಲ್ಲಾ ಆ ಡಾಕ್ಟರ್ ಬಾಯಾರ ಸೂಜಿ, ಲೆಕ್ಕಕ್ಕಿಲ್ಲ. ನಿಂದು ಬಾಕಿ ಐತಿ" ಎಂದಳು. ಮುನಾಫ ಮಾಮಾ ಸ್ಟೇಷನ್ನಿಗೆ ಬಿಟ್ಟು ಹೋದರು. ಟೆಂಪೋದಲ್ಲಿ ಇನ್ನೂ ಎಲೆಯ ವಾಸನೆ.

ಕತ್ತಲಾಯಿತು. ಪಕ್ಕದ ಹೆಂಗಸು ಚಪಾತಿ ಕೊಟ್ಟಿದ್ದಾಳೆ, ತಿನ್ನಬೇಕು. ಅವಳ ಗಂಡನಿಗೆ ಸಕ್ಕರೆ ಕಾಯಿಲೆಯಂತೆ, ಕಾಲ ಬೆರಳಿನ ಹುಣ್ಣು ಮಾಯುತ್ತಿಲ್ಲವಂತೆ. ಸಾಕ್ಸ್ ತೆಗೆಯಲು ಹೇಳಿದ್ದೇನೆ.

ಜುಲೈ ೨೭, ಭಾನುವಾರ

ಬರೆದು ಬಂದೆ. ಸ್ಟಿರಾಯ್ಡಿನ ಮೇಲೆ ಒಂದೂ ಪ್ರಶ್ನೆ ಇರಲಿಲ್ಲ.

ಮನೆಗೆ ಬಂದಾಗ ಅಪ್ಪ ಮತ್ತೆ ತಟ್ಟು ಹಿಡಿದು ನಿಂತಿದ್ದ. ಬೇಡ ಎಂದೆ. ಸೀಮೆಎಣ್ಣೆಯಲ್ಲಿ ಅದೇ ತಟ್ಟನ್ನು ಅದ್ದಿ ಏಣಿ ಹತ್ತಿದೆ. ಹಿಂದಿನ 'ಡಾ.' ತಿಕ್ಕಿ ಅಳಿಸಿದೆ. ಮುಂದಿನ ಡಿಗ್ರಿ ಅಳಿಸಿದೆ. ಕೆಂಪು ಪ್ಲಸ್ಸನ್ನೂ ಬಿಡಲಿಲ್ಲ. ಜನ ಕೆಳಗೆ ನಿಂತು ಹಬ್ಬ ನೋಡಿದಂತೆ ನೋಡಿದರು.

"ಬರೇ ಹೆಸರ ಉಳೀತಲ್ಲವ್ವಾ" ಎಂದ ಅಪ್ಪ.

"ಹೆಸರು ನಂದ ಐತಿ. ಅದಕ್ಕ ಯಾರ ಪರವಾನಗಿ ಬೇಕು?"

ಜುಲೈ ೨೯

ಯಾರೋ ಅರ್ಜಿ ಕೊಟ್ಟೇಬಿಟ್ಟರು. ಆರೋಗ್ಯ ಇಲಾಖೆಯವರು ಜೀಪಿನಲ್ಲಿ ಬಂದು, ಬೋರ್ಡು ನೋಡಿ, ಇದೇನು ಬರೀ ತನುಜಾ ಎಂದಿದೆ ಎಂದರು. ಹೌದು, ನಾನೇ ಎಂದೆ. ಚಹಾ ಕುಡಿದು ಹೋದರು. ಹೋಗುವಾಗ ಡ್ರೈವರನ ಕೆಮ್ಮಿನ ಬಗ್ಗೆ ಕೇಳಿದರು. ಕಫ ಪರೀಕ್ಷೆ ಮಾಡಿಸಲು ಹೇಳಿದೆ.

ಆಗಸ್ಟ್ ೧೩, ಬುಧವಾರ

ಪಾಸು.

ಅವ್ವ ಅತ್ತಳು. ಅಪ್ಪ ಗೋಣೆಪ್ಪನನ್ನು ಕರೆಯಲು ಹೊರಟ. ಬಾಗಿಲಿಗೆ ಅಡ್ಡ ನಿಂತೆ. ಇನ್ನೂ ಒಂದು ವರ್ಷ ಇದೆ, ಬಣ್ಣದ ಡಬ್ಬಿ ಮುಚ್ಚಿಡಲಿ.

ಅಂಕ ಎಷ್ಟು ಎಂದು ಸೋದರಮಾವ ಫೋನ್ ಮಾಡಿ ಕೇಳಿದ. ಕಟ್ಟೆಯ ಮೇಲೆ ಜನ ಕಾಯುತ್ತಿದ್ದರು, ನೋಡಿ ಹೇಳುತ್ತೇನೆ ಎಂದು ಇಟ್ಟೆ. ಮರೆತುಹೋಯಿತು.

ಆಗಸ್ಟ್ ೩೦, ಶನಿವಾರ

ಈ ಸೋಮವಾರ ಕರಿಬಸಪ್ಪ ಕಾಕಾ ಬಂದು ಬೈಕಿನಿಂದ ಇಳಿಯದೆ ಮಾತಾಡಿದರು. ಆ ಸೂಜಿ ವಾರಕ್ಕೊಮ್ಮೆ ತೆಗೆದುಕೊಳ್ಳುವವರು ಇನ್ನೂ ಇದ್ದಾರಂತೆ, ಏನು ಮಾಡಲಿ ಎಂದರು. ಒಬ್ಬೊಬ್ಬರ ಕೈಗೂ ಔಷಧಿಯ ಹೆಸರು ಬರೆದ ಚೀಟಿ ಕೊಟ್ಟು ಹಾವೇರಿಗೆ ಕಳಿಸಿ, ಒಬ್ಬರನ್ನೂ ಬಿಡಬೇಡಿ ಎಂದೆ.

"ಸೂಜಿ ಬಿಟ್ರ ನನ್ನ ಹೊಟ್ಟಿಪಾಡು ಹೆಂಗವ್ವಾ?"

"ಖಾರಾ ಮಾರ್ರಿ, ಕಾಕಾ. ಹುಸೇನಬಿಗೆ ಒಲೀ ಮುಂದ ಕುಂದ್ರಾಕ ಮಂದಿ ಬೇಕಾಗ್ಯಾರ."

ಈ ಸಲ ಅವರು ನಗಲಿಲ್ಲ. ಆದರೆ ಚೀಟಿ ಹಿಡಿದು ಬಂದವರನ್ನು ನಿನ್ನೆ ನೋಡಿದೆ ಎಂದು ಮದಿಹಾ ಇವತ್ತು ಫೋನ್ ಮಾಡಿದ್ದರು. ಅರ್ಜಿ ಕಾಕಾನದಲ್ಲ ಅನಿಸುತ್ತದೆ. ಯಾರದಾದರೂ ಇರಲಿ.

ಡಿಸೆಂಬರ್ ೮, ಸೋಮವಾರ. ಹಾವೇರಿ

ಆ ಒಂದು ವರ್ಷದ ಆಸ್ಪತ್ರೆ ಕೆಲಸಕ್ಕೆ ಕಾಗದಪತ್ರದ ಹಿಂದೆ ತಿಂಗಳುಗಟ್ಟಲೆ ಅಲೆದೆ. ಸೀಟು ಇಲ್ಲ ಎಂದರು, ಮುಂದಿನ ಪಟ್ಟಿ ಎಂದರು. ಪ್ರತಿ ಸಲವೂ ಮತ್ತೆ ಹೋಗಿ ಅದೇ ಬೆಂಚಿನ ಮೇಲೆ ಕೂತೆ. ಕೊನೆಗೆ ಸಿಕ್ಕಿತು. ಇವತ್ತು ಇಂಜೆಕ್ಷನ್ ಕೋಣೆಯಲ್ಲಿ ಮೊದಲ ದಿನ. ಮದಿಹಾ ಮೇಲ್ವಿಚಾರಣೆಗೆ.

ಸರದಿಯಲ್ಲಿ ಎಲ್ಲರಿಗಿಂತ ಮುಂದೆ ಮುದಕವ್ವ. ಸವಣೂರಿನ ಮೊದಲ ಬಸ್ಸು ಹತ್ತಿ ಬಂದಿದ್ದಾಳೆ. ಮುಖದ ಊತ ಇಳಿದಿದೆ. ಚೀಟಿ ಮುಂದಿಟ್ಟು ಕುಪ್ಪಸದ ತೋಳು ಮಡಚಿ ತೋರಿಸಿದಳು.

"ಆಯಿ, ನಿನಗ ಸೂಜಿ ಬ್ಯಾಡ. ಗುಳಿಗಿ ಸಾಕು."

"ಬಾಕಿ ಐತೆಲ್ಲಾ."

"ಬಾಕಿ ಇದ್ರೂ ಇಲ್ಲ. ಬ್ಯಾಡಾದ್ದು ಕೊಡಾಕ ನಾ ಏನ್ ಕರಿಬಸಪ್ಪನಾ?"

ಹಿಂದಿನವರು ಗೊಣಗಿದರು. ಮುದಕವ್ವ ಕದಲಲಿಲ್ಲ. ಮೆಲ್ಲಗೆ ಬಲಗಾಲು ಎತ್ತಿ ಸ್ಟೂಲಿನ ಮೇಲಿಟ್ಟಳು. ಅಂಗಾಲಿನಲ್ಲಿ ಜಾಲಿಮುಳ್ಳು ಅರ್ಧ ಮುರಿದು ಕೂತಿತ್ತು, ಸುತ್ತ ಕೆಂಪು. ನಿನ್ನೆ ತೋಟದಲ್ಲಿ ತುಳಿದೆ ಎಂದಳು. ಮದಿಹಾ ಬಾಗಿ ನೋಡಿ, ನಗು ತಡೆದುಕೊಂಡು, ಇದಕ್ಕೆ ಧನುರ್ವಾಯುವಿನ ಸೂಜಿ ಬೇಕೇ ಬೇಕು ಎಂದರು.

ಕೆಳಗೆ ಕುಳಿತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದೆ. ಕೈ ತೊಳೆದು ಬಂದು, ಔಷಧಿ ಎಳೆದು, ಗಾಳಿ ಬಿಟ್ಟು, ತೋಳಿಗೆ ಸೂಜಿ ಮಾಡಿದೆ. ಅವಳು ಕಣ್ಣು ಮುಚ್ಚಿ ಗದ್ದಿಗೆಯ ಮುಂದೆ ನಿಂತಂತೆ ನಿಂತಿದ್ದಳು.

ಹತ್ತಿ ಒತ್ತಿ ಹಿಡಿದು ಕೇಳಿದೆ, ಹುಟ್ಟಿದಾಗಿನಿಂದ ಆ ತೋಟದಲ್ಲಿ ಬರಿಗಾಲಲ್ಲಿ ಅಡ್ಡಾಡಿದವಳು, ಇಷ್ಟುದ್ದದ ಮುಳ್ಳು ಕಾಣಲಿಲ್ಲವೇ ಎಂದು.

"ಛಲೋ ಕಾಣ್ತಿತ್ತು" ಎಂದಳು.